ಸೇರ ಅಂಬ್ಲಿಗೋ

ದೆವ್ವ ಕಂಡೆ ಎಂದವರಿಗೆಲ್ಲ ನಾನು ಬೈದವಳು. ಹೊಲದಲ್ಲಿ ದುಡಿದು ಬಂದವರಿಗೆ ನಿದ್ದೆ ಬರುತ್ತದೆ, ಕೆಲಸವಿಲ್ಲದವರಿಗೆ ದೆವ್ವ ಕಾಣುತ್ತದೆ ಎನ್ನುತ್ತಿದ್ದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು; ಸುಳ್ಳು ಹೆಣೆಯುವಷ್ಟು ಅಕ್ಷರ ನನಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಾರೂಗೇರಿಯ ಹತ್ತಿರ ನಮ್ಮ ಹೊಲ. ಆ ವರ್ಷದ ಮಳೆಗಾಲದಲ್ಲಿ ನನ್ನ ಮಗಳು ಕಸ್ತೂರಿ ತೀರಿಕೊಂಡಳು. ಚೊಚ್ಚಲ ಬಸಿರು, ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಕೂಸೂ ಉಳಿಯಲಿಲ್ಲ; ಇಬ್ಬರನ್ನೂ ಮಣ್ಣು ಮಾಡಿದೆವು. ಆಮೇಲೆ ಮಳೆ ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಒಂದು ಮುಂಜಾನೆ ಹೊರಗೆ ಬಂದರೆ ಕಾಲಿಗೆ ತಣ್ಣಗೆ ಇಬ್ಬನಿ ಹತ್ತಿತು. ಗಾಳಿ ಮೂಡಣಕ್ಕೆ ತಿರುಗಿತ್ತು, ಮೋಡ ಹಿಂಜಿದ ಅರಳೆಯ ಹಾಗೆ ಬೆಳ್ಳಗಾಗಿತ್ತು. ಶೀಗಿ ಹುಣ್ಣಿಮೆ ಬಂತು ಎಂದು ತಿಳಿದು ಸಿಟ್ಟು ಬಂತು. ಆಕೆ ಇಲ್ಲದೆಯೂ ಬಂತಲ್ಲ!

ನಮ್ಮಲ್ಲಿ ಆ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಎಂದು ಹೊಲಕ್ಕೆ ಅಡುಗೆ ಒಯ್ದು ಚರಗ ಚೆಲ್ಲುತ್ತಾರೆ. ಮುಂದಿನವರು ಅನ್ನ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ" ಎನ್ನಬೇಕು. ಕಸ್ತೂರಿ ಚಿಕ್ಕಂದಿನಲ್ಲಿ ಅದನ್ನು "ಸೇರ ಅಂಬ್ಲಿಗೋ" ಎಂದು ಕೇಳಿಸಿಕೊಂಡಿದ್ದಳು. ಒಂದು ಸೇರು ಅಂಬಲಿ! ದೊಡ್ಡವಳಾದರೂ ಹಾಗೇ ಕೂಗುವಳು. "ಹಂಗಲ್ಲಬೇ ಹುಚ್ಚಿ" ಎಂದು ಅವರಪ್ಪ ತಿದ್ದುವುದು, "ಭೂಮಿತಾಯಿಗಿ ಹೊಟ್ಟಿ ತುಂಬಬ್ಯಾಡೇನಪ್ಪಾ?" ಎಂದು ಆಕೆ ನಗುವುದು.

"ಏಳ, ಚರಗಕ್ಕ ಹೋಗೂಣು," ಎಂದರು ಹುಣ್ಣಿಮೆಯ ದಿನ ನಮ್ಮ ಮನೆಯವರು.

"ತುಂಬು ಬಸರಿ ನನ್ನ ಮಗಳನ್ನ ಆ ಭೂಮಿತಾಯಿ ನುಂಗ್ಯಾಳ. ಇನ್ನೇನ ಉಣಸ್ತೀರಿ ಆಕಿಗೆ?"

ಅವರು ಬುಟ್ಟಿ ಎತ್ತಿಕೊಂಡರು. "ಬಸರಿ ಅದಾಳ. ಬಸರಿ ಹೆಂಗಸನ್ನ ಉಪಾಸ ಕೆಡವಬಾರದು."

ತಂಬಿಗೆ ಹಿಡಿದು ಹಿಂದೆ ನಡೆದೆ. ಕೂಗಲು ಮಾತ್ರ ಮನಸ್ಸಿರಲಿಲ್ಲ.

ಮಧ್ಯಾಹ್ನದ ಬಿಸಿಲು. ಆಳೆತ್ತರದ ಕಬ್ಬು, ಬದುವಿನ ಮೇಲೆ ನಾವಿಬ್ಬರೇ. ಅವರು ಅನ್ನ ಚೆಲ್ಲಿ "ಹುಲ್ಲುಲ್ಲಿಗೋ" ಎಂದರು. ನಾನು ಬಾಯಿ ತೆರೆಯಲಿಲ್ಲ. ಕಬ್ಬಿನೊಳಗಿಂದ "ಸೇರ ಅಂಬ್ಲಿಗೋ" ಎಂದು ಕೇಳಿತು. ನನಗೊಬ್ಬಳಿಗೇ ಕೇಳಿದ್ದರೆ ಸಂಕಟಕ್ಕೆ ತಲೆ ಕೆಟ್ಟಿದೆ ಎನ್ನಬಹುದಿತ್ತು. ಆದರೆ ಅವರು ಹಿಂತಿರುಗಿ ನೋಡದೆ, "ಹಂಗಲ್ಲಬೇ ಹುಚ್ಚಿ," ಎಂದರು.

ಎಂದವರು ನಿಂತುಬಿಟ್ಟರು. ಕೈ ಬುಟ್ಟಿಯಲ್ಲೇ ಇತ್ತು.

ನಾನು ಕಬ್ಬಿನೊಳಗೆ ನುಗ್ಗಿ ನೋಡಿದೆ. ಎಲೆ ಮುಖ ಕೊಯ್ದದ್ದೇ ಬಂತು; ಯಾರೂ ಇರಲಿಲ್ಲ, ಹಸಿ ನೆಲದಲ್ಲಿ ಹೆಜ್ಜೆಯೂ ಇರಲಿಲ್ಲ. ಹೊರಗೆ ಬಂದಾಗ ಅವರು ಬುಟ್ಟಿಯಲ್ಲಿದ್ದುದನ್ನೆಲ್ಲ ಅಲ್ಲಿಯೇ ಸುರಿದಿದ್ದರು, ನಾವು ಉಣ್ಣಲು ಇಟ್ಟುಕೊಂಡದ್ದನ್ನೂ.

ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಿಲ್ಲ. ದೆವ್ವ ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಏನೂ ಅಲ್ಲ ಎನ್ನಲೂ ಬರುವುದಿಲ್ಲ. ಪ್ರತಿ ವರ್ಷ ಇಬ್ಬನಿ ಬಿದ್ದ ಮೇಲೆ ತಂಬಿಗೆ ಹಿಡಿದು ಹೋಗುತ್ತೇನೆ. ಅವರು ಕೂಗಿದ ಮೇಲೆ ಕಬ್ಬಿನ ಕಡೆ ಕಿವಿಗೊಟ್ಟು ನಿಲ್ಲುತ್ತೇನೆ. ಅವರೂ ಅವಸರ ಮಾಡುವುದಿಲ್ಲ. ಆಮೇಲೆ ನಾನೇ "ಸಲಾಂಬ್ರಿಗೋ" ಎನ್ನುತ್ತೇನೆ.