ಬೆನ್ನು ಬಲ್ಲ ಕಂಬ

ಕಟ್ಟಡಗಳನ್ನು ನೋಡುವುದು ನನಗೆ ಗೊತ್ತು ಎಂಬ ಜಂಬ ಬಹಳ ದಿನ ಇತ್ತು. ಕೋಲಾರದ ಸ್ಕೂಲಿನ ಡ್ರಾಯಿಂಗ್ ಮೇಷ್ಟರಿಗೆ ಅಷ್ಟೂ ಜಂಬ ಬೇಡವೇ? ಮುಳಬಾಗಿಲಿನ ಗುಡಿಯನ್ನು ಎದುರಿನಿಂದ, ಓರೆಯಿಂದ, ಎಲ್ಲ ಕಡೆಯಿಂದಲೂ ಬರೆದಿದ್ದೇನೆ. ಒಳಗೆ ಹೋಗಿ ಕೈಮುಗಿಯುವುದಕ್ಕೆ ಮಾತ್ರ ಪುರಸೊತ್ತಾಗಲಿಲ್ಲ.

ನನ್ನ ಹೆಂಡತಿ ಜಯಮ್ಮ ಕಟ್ಟಡಗಳನ್ನು ಬೆನ್ನಿನಿಂದ ನೋಡುತ್ತಾಳೆ. ಯಾರ ಮನೆಗೆ ಹೋದರೂ ಮೊದಲು ಗೋಡೆಗೊರಗಿ ಕೂರುತ್ತಾಳೆ. ಆಮೇಲೆ "ಒಳ್ಳೇ ಮನೆ" ಎನ್ನುತ್ತಾಳೆ, ಇಲ್ಲವೇ ಸುಮ್ಮನಿರುತ್ತಾಳೆ. ಈ ವಿದ್ಯೆ ಕಲಿತದ್ದು ಟೇಕಲ್ಲಿನ ತವರಿನಲ್ಲಿ. ಅಲ್ಲಿ ನಡುಮನೆಯಲ್ಲೊಂದು ಕಲ್ಲುಕಂಬ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿಗೆ ಎಣ್ಣೆನೀರು ಹಾಕಿ, ಆ ಕಂಬಕ್ಕೆ ಒರಗಿಸಿ, ಮೆಣಸಿನ ಸಾರು ಅನ್ನ ಬಡಿಸುವುದು ಅವರ ಮನೆಯ ಪದ್ಧತಿ. ನಮ್ಮ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಜಯಮ್ಮ ಕೂತದ್ದೂ ಅಲ್ಲೇ. ಮಿಕ್ಕ ದಿನಗಳಲ್ಲಿ, ಕೆಲಸ ಮುಗಿಸಿದ ಅವಳ ತಾಯಿಗೆ ಅದೇ ಜಾಗ. ತಲೆಮಾರುಗಳ ಎಣ್ಣೆ ಕುಡಿದು ಕಂಬ ಕರ್ರಗೆ, ನುಣ್ಣಗೆ ಆಗಿತ್ತು.

ತಾಯಿ ತೀರಿಕೊಂಡರು. ಎರಡನೇ ಮಹಾಯುದ್ಧವೂ ಮುಗಿಯಿತು. ಇನ್ನು ಎಲ್ಲ ಹೊಸದಾಗಬೇಕೆಂದು ಜಯಮ್ಮನ ಅಣ್ಣ ರಾಮಣ್ಣ ಹಳೇ ಮನೆ ಕೆಡವಿ ತಾರಸಿ ಹಾಕಿಸಲು ಹೊರಟ. ಜಯಮ್ಮ ಮಂಕಾದಳು. ನಾನು ಬುದ್ಧಿವಂತ ನೋಡಿ, ಟೇಕಲ್ಲಿಗೆ ಹೋಗಿ ಕಂಬದ ಚಿತ್ರ ಬರೆದು, ಕಟ್ಟು ಹಾಕಿಸಿ ತಂದುಕೊಟ್ಟೆ.

"ಚೆನ್ನಾಗಿದೆ. ಒರಗೋದೆಲ್ಲಿ?" ಎಂದಳು. ಆಮೇಲೆ ಅತ್ತುಬಿಟ್ಟಳು. "ಅಮ್ಮನ ಬೆನ್ನು ತಾಕಿದ್ದು ಇನ್ನೆಲ್ಲೂ ಉಳಿದಿಲ್ಲ ಕಣ್ರೀ. ಅದೊಂದು ಕೊಡಿಸಿಬಿಡಿ."

ರಾಮಣ್ಣ ಧಾರಾಳಿ, ಕೇಳಿದ ಕೂಡಲೇ ಒಪ್ಪಿದ. ನಮ್ಮ ಪಡಸಾಲೆಯಲ್ಲಿ ಗೆದ್ದಲು ತಿಂದ ಮರದ ಕಂಬ ಕೀಳಿಸಿ ಜಾಗ ಮಾಡಿದೆವು. ಜಯಮ್ಮ ದಿನವೂ ಬೀದಿಯ ಕಡೆ ನೋಡುತ್ತಿದ್ದಳು. ಕೊನೆಗೆ ಗಾಡಿ ಬಂತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಓಡಿದಳು. ರಾಮಣ್ಣ ಹುಲ್ಲು ಸರಿಸಿದ. ಕಂಬ ಬೆಳ್ಳಗಿತ್ತು, ನಿನ್ನೆ ಗಣಿಯಿಂದ ತಂದಂತೆ.

"ಮನೆಮಗಳಿಗೆ ಜಿಡ್ಡು ಹಿಡಿದಿದ್ದು ಕೊಟ್ರೆ ನಾಲ್ಕು ಜನ ಏನಂತಾರೆ ಭಾವನೋರೆ? ಮೈಯೆಲ್ಲಾ ಉಳಿ ಹೊಡೆಸಿ, ಹೊಸದು ಮಾಡಿಸ್ಕೊಂಡು ಬಂದಿದ್ದೀನಿ!" ಎಂದ ರಾಮಣ್ಣ. ಅವನ ಮುಖದಲ್ಲಿ ಆ ಸಂತೋಷ ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ.

ಜಯಮ್ಮ ತಟ್ಟೆ ಹಿಡಿದೇ ನಿಂತಿದ್ದಳು. ಆಮೇಲೆ ಕಂಬಕ್ಕೆ ಕುಂಕುಮವಿಟ್ಟು, "ಬಲು ಚೆನ್ನಾಗಿದೆ ಅಣ್ಣಯ್ಯಾ" ಎಂದಳು. ಒಬ್ಬಟ್ಟು ಮಾಡಿ, ತುಪ್ಪ ಸುರಿದು ಬಡಿಸಿದಳು. ಚಿತ್ರ ತಿದ್ದಲು ರಬ್ಬರ್ ಉಂಟು. ಕಲ್ಲಿನ ವಿಷಯದಲ್ಲಿ ನನ್ನ ವಿದ್ಯೆಯೆಲ್ಲ ದಂಡ.

ಕಂಬ ನಿಲ್ಲಿಸಿ ರಾಮಣ್ಣನೂ ಗಾಡಿಯ ಆಳುಗಳೂ ಹೊರಟ ಮೇಲೆ ಜಯಮ್ಮ ಮೆಲ್ಲಗೆ ಹೋಗಿ ಅದಕ್ಕೊರಗಿ ಕೂತಳು.

"ಚುಚ್ಚುತ್ತೆ" ಎಂದಳು.

ದಿಂಬು ತರಲೇ ಎಂದೆ. ಬೇಡವೆಂದಳು. ಏಳಲೂ ಇಲ್ಲ. ನಾನೂ ಹೋಗಿ ಇನ್ನೊಂದು ಮಗ್ಗುಲಿಗೆ ಒರಗಿದೆ. ನಿಜ, ಚುಚ್ಚುತ್ತಿತ್ತು. ನಮ್ಮ ಕಾಲಕ್ಕೆ ಅದು ನುಣ್ಣಗಾಗುವುದಿಲ್ಲ. ಆದರೂ ಯಾರಾದರೂ ಶುರು ಮಾಡಬೇಕಲ್ಲ.