ತಪಾಸಣೆಗಾಗಿ ಕಟ್ಟಿದ ಒಲೆ

ಹಿಂದಿನ ಕೋಣೆಯ ಒಲೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಇವತ್ತಿಗೂ ಒಂದೇ ಉತ್ತರ ಸಿಗುವುದಿಲ್ಲ. ನನ್ನ ಗಂಡ ತಾನು ಎನ್ನುತ್ತಾರೆ. ಇಟ್ಟಿಗೆ ತಂದದ್ದು ಅವರೇ, ಅಷ್ಟು ಸರಿ. ಅಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ತಾನೊಬ್ಬಳೇ ಕಟ್ಟಿದೆ ಎನ್ನುತ್ತಾರೆ. ನನ್ನ ನೆನಪಿನಲ್ಲಿ ನಾವಿಬ್ಬರೂ ಮೊಣಕೈವರೆಗೆ ಕೆಸರು ಮಾಡಿಕೊಂಡು ಎದುರುಬದುರು ಕೂತಿದ್ದೇವೆ, ನಗುತ್ತಿದ್ದೇವೆ. ಆ ನಗುವಿನಿಂದಲೇ ಈ ನೆನಪಿನ ಮೇಲೆ ನನಗೆ ಅನುಮಾನ. ಅಕ್ಕನ ಗಂಡ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ.

ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಲೇಬೇಕೆಂದು ನಮ್ಮ ಮದುವೆಯನ್ನು ಅವಸರದಲ್ಲಿ ಮಾಡಿದ್ದರು. ಹಾಗಾಗಿ ನಾನು ರಾಣೇಬೆನ್ನೂರಿನಿಂದ ಬ್ಯಾಡಗಿಯ ಆ ಮನೆಗೆ ಬಂದಾಗ ಅಲ್ಲಿ ಇದ್ದವರು ಅತ್ತೆ, ನನ್ನ ಗಂಡ, ಅಕ್ಕ ಮತ್ತು ಅಕ್ಕನ ಪುಟ್ಟ ಮಗಳು. ನನ್ನ ಗಂಡ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಕ್ಕ ಹಂಗಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಹಂಗಾಮು ಮುಗಿದರೆ ಅವರ ಕೈಗೆ ಕೆಲಸವಿಲ್ಲ.

ಅಕ್ಕನ ಹೆಸರಿನಲ್ಲಿ ಒಂದು ಹಳದಿ ಪಡಿತರ ಕಾರ್ಡು ಆಗಬೇಕಿತ್ತು. ಬಡವರಿಗೆ ಕೊಡುವ ಕಾರ್ಡು ಅದು. ಅದಿದ್ದರೆ ಅಕ್ಕಿ, ಗೋಧಿ ಕಡಿಮೆ ದರಕ್ಕೆ. ವಿಧವಾ ವೇತನದ ಅರ್ಜಿಗೂ ಅದನ್ನೇ ಕೇಳುತ್ತಿದ್ದರು. ಮುಂದೆ ಮಗಳನ್ನು ಸರಕಾರಿ ಹಾಸ್ಟೆಲಿಗೆ ಹಾಕಬೇಕೆಂದರೂ ಅದೇ ಬೇಕು. ಪೇಟೆಯಲ್ಲಿ ವಹಿವಾಟು ಜೋರಿದ್ದ ಕಾಲ, ನನ್ನ ಗಂಡನಿಗೆ ಬಿಡುವಿರಲಿಲ್ಲ. ಅಕ್ಕನ ಜೊತೆ ತಹಶೀಲ್ದಾರ ಕಚೇರಿಗೆ ನಾನೇ ಹೋದೆ. ಮೇಜಿನ ಆಚೆ ಕೂತವರು ಅರ್ಜಿಯನ್ನು ಓದದೆ ಕೇಳಿದರು.

"ಮನಿ ಒಂದ ಐತಲ್ರಿ?"

"ಹೌದ್ರಿ," ಅಂದರು ಅಕ್ಕ.

"ಒಲಿ?"

ಅಕ್ಕ ತಿಳಿಯದೆ ನನ್ನ ಮುಖ ನೋಡಿದರು.

"ಒಲಿ ಎಷ್ಟವ ಅಂತ ಕೇಳಾಕತ್ತೇನಿ. ಒಂದ ಒಲಿಗೆ ಒಂದ ಕಾರ್ಡು. ನಿಮ್ಮ ಮೈದುನಗ ಪಗಾರ ಐತಿ. ಅವನ ಒಲಿ ಮ್ಯಾಲೆ ಉಂಡ್ರ ನೀವು ಬಡವ್ರಲ್ಲ. ಬ್ಯಾರೆ ಒಲಿ ಹಚ್ಚಿದ್ರ ಬಡವ್ರು. ಇನ್ಸ್‌ಪೆಕ್ಟರ್ ಸಾಹೇಬ್ರು ಮನೀಗೆ ಬಂದು ನೋಡ್ತಾರ."

"ಯಾವಾಗ ಬರ್ತಾರ್ರಿ?" ಅಂದೆ ನಾನು.

"ಹೇಳಿ ಬಂದ್ರ ಅದಕ್ಯಾಕ ತಪಾಸಣಿ ಅಂತಾರ?"

ದಾರಿಯಲ್ಲಿ ಅಕ್ಕ ಏನಂದರೋ ನನಗೆ ನೆನಪಿಲ್ಲ.

ನನ್ನ ಗಂಡ ಇದನ್ನು ದೊಡ್ಡ ವಿಷಯ ಮಾಡಲಿಲ್ಲ. ಹಿಂದಿನ ಕೋಣೆಯಲ್ಲಿ ಕಟ್ಟಿಗೆ ತುಂಬಿತ್ತು, ಅದನ್ನು ಹೊರಗೆ ಒಟ್ಟಿ ಅಲ್ಲೊಂದು ಒಲೆ ಹೂಡುವುದು. ಸಾಹೇಬರು ಬಂದು ನೋಡಿಹೋಗುವುದು. ಕಾರ್ಡು ಕೈಗೆ ಬಂದ ದಿನ ಒಲೆ ಒಡೆಯುವುದು. ಅಲ್ಲಿಯವರೆಗೆ ಹೊರಗೆ ಯಾರಿಗೂ ಬಾಯಿ ಬಿಡಬಾರದು, ಯಾರಾದರೂ ತಕರಾರು ಅರ್ಜಿ ಕೊಟ್ಟರೆ ಎಲ್ಲಾ ಹಾಳು. "ನಿಮ್ಮ ತವರುಮನೀಗೂ ಹೇಳಬ್ಯಾಡ," ಎಂದು ನನಗೆ ಬೇರೆಯಾಗಿ ಹೇಳಿದರು. ಅತ್ತೆ ಮಾತ್ರ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. "ನಾ ಕಣ್ಮುಚ್ಚಿಂದ ಏನರೆ ಮಾಡ್ಕೋರಿ," ಅಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತರು.

ಮೊದಮೊದಲು ಆ ಒಲೆಯ ಮೇಲೆ ಬರೀ ನೀರು ಕಾಯುತ್ತಿತ್ತು. ಹೊಗೆ ಹೊರಗೆ ಕಾಣಬೇಕಲ್ಲ. ಆದರೆ ನನ್ನ ಗಂಡ ಪೇಟೆಯಲ್ಲಿ ಯಾರದೋ ಮಾತು ಕೇಳಿಕೊಂಡು ಬಂದರು. ಸಾಹೇಬರು ಬೂದಿ ಮುಟ್ಟಿ ನೋಡುತ್ತಾರೆ, ಗೋಡೆಗೆ ಮಸಿ ಹಿಡಿದಿದೆಯೋ ಇಲ್ಲವೋ ನೋಡುತ್ತಾರೆ, ಭಾಂಡೆ ತಳ ನೋಡುತ್ತಾರೆ. ಹಾಗಾಗಿ ಖರೇ ಅಡುಗೆಯನ್ನೇ ಮಾಡಬೇಕಾಯಿತು. ಅಕ್ಕ ತಮಗೆ ಮತ್ತು ಮಗಳಿಗೆ ಅಲ್ಲಿ ಮಾಡಿಕೊಂಡರು. ನಾನು ಮುಂದಿನ ಅಡುಗೆಮನೆಯಲ್ಲಿ ಉಳಿದವರಿಗೆ ಮಾಡಿದೆ. ಬಾಗಿಲು ಹಾಕಿದ ಮೇಲೆ ಪಲ್ಯದ ಬಟ್ಟಲುಗಳು ಈಚೆಯಿಂದಾಚೆ, ಆಚೆಯಿಂದೀಚೆ ಓಡಾಡುತ್ತಿದ್ದವು.

ಅಕ್ಕ ಬಡವರೇ ಆಗಿದ್ದರು. ಅದು ಸುಳ್ಳಲ್ಲ. ಸುಳ್ಳು ಒಲೆಯದು ಮಾತ್ರ.

ನಳದ ಹತ್ತಿರ ಓಣಿಯವರ ಮಾತು ನನಗೆ ಕಾದಿತ್ತು. ಎದುರುಮನೆಯಾಕೆ ಕೊಡ ತುಂಬುತ್ತ, ನನ್ನ ಕಡೆ ನೋಡದೆ ಅಂದಳು. "ಏನವಾ ರಾಣೇಬೆನ್ನೂರಾಕಿ, ಒಲಿ ಪೂಜಿ ಮಾಡ್ದಿ, ನಮಗೊಂದು ಹೋಳಗಿ ಹಾಕಲಿಲ್ಲಲ್ಲ."

ಇನ್ನೊಬ್ಬಾಕೆ ಅಂದಳು, "ಹಾಕ್ತಾಳ ತಡಿ. ನಡುವ ಗ್ವಾಡಿ ಎಬ್ಬಸೂದು ಬಾಕಿ ಐತಿ. ಎರಡೂ ಸೇರಿಸಿ ಒಮ್ಮೆ ಊಟಕ್ಕ ಕರೀತಾಳ."

"ಹಿರೇ ಸೊಸಿ ಬಂದು ಇಷ್ಟ ವರ್ಸ ಆತು, ಒಲಿ ಒಂದ ಇತ್ತು," ಅಂದಳು ಮೊದಲಿನಾಕೆ. "ಅಷ್ಟ ನಾ ಹೇಳೂದು. ಮತ್ತ ನಮಗ್ಯಾಕ ಬೇಕು ಬಿಡವಾ."

ಅದು ಸರಕಾರಕ್ಕೆ ತೋರಿಸಲಿಕ್ಕೆ ಎಂದು ಅಲ್ಲಿ ಹೇಳಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಅಕ್ಕನ ಕಾರ್ಡು ಹೋಗುತ್ತಿತ್ತು. ಕೊಡ ಹೊತ್ತು ಬಂದೆ. ಗಂಡನ ಮನೆಗೆ ಬಂದ ಹೊಸದರಲ್ಲೇ ಮನೆ ಒಡೆದವಳು ಎಂಬ ಮಾತು ಒಮ್ಮೆ ಹತ್ತಿದರೆ ಆ ಓಣಿಯಲ್ಲಿ ಸಾಯುವವರೆಗೂ ಬಿಡುವುದಿಲ್ಲ ಎಂದು ಗೊತ್ತಿತ್ತು. ಒಂದೇ ಸಮಾಧಾನ, ಒಲೆ ಒಡೆದ ದಿನ ಎಲ್ಲರಿಗೂ ತಾನಾಗಿಯೇ ಕಾಣುತ್ತದೆ. ಆ ದಿನಕ್ಕಾಗಿ ಕಾಯುವುದೇ ನನ್ನ ಕೆಲಸವಾಯಿತು. ಬೀದಿಯಲ್ಲಿ ಬೈಕು ನಿಂತ ಸಪ್ಪಳವಾದರೆ ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಸಾಹೇಬರು ಬಂದರೆಂದು ಹೆದರಿಕೆ, ಬರಲಿಲ್ಲವೆಂದರೆ ಅದಕ್ಕಿಂತ ಹೆಚ್ಚು. ನನ್ನ ಗಂಡ ಹಾವೇರಿಯ ಜಿಲ್ಲಾ ಕಚೇರಿಗೆ ಹೋಗಿ ಕೇಳಿದರು. ಕಾಗದ ಬ್ಯಾಡಗಿಯಲ್ಲೇ ಇದೆ ಅಂದರಂತೆ. ಬ್ಯಾಡಗಿಯಲ್ಲಿ ಕೇಳಿದರೆ ಸರತಿ ಬರಲಿ ಅಂದರು.

ಒಂದು ದಿನ ಮಧ್ಯಾಹ್ನ ನಮ್ಮವ್ವ ಬಂದಳು, ಮೊದಲೇ ಹೇಳಿಕಳಿಸದೆ. ರಾಣೇಬೆನ್ನೂರಿನ ಸಂತೆಯಲ್ಲಿ ಬ್ಯಾಡಗಿಯವರು ಯಾರೋ ಅವಳ ಕಿವಿಗೆ ಹಾಕಿದ್ದರು. ಚೀಲ ಕೆಳಗಿಡುವ ಮೊದಲೇ ಶುರುವಾಯಿತು.

"ಏನ್ ಕೇಳಾಕತ್ತೇನಿ ನಾನು? ನಿನಗ ಉಣ್ಣಾಕ ಏನ್ ಕಡಿಮಿ ಬಿದ್ದಿತ್ತು? ಗಂಡನ್ನ ಕಳ್ಕೊಂಡ ಹೆಣ್ಮಗಳನ್ನ ಹಿಂದಿನ ಕ್ವಾಣಿಗೆ ಹಾಕಿ, ಮುಂದ ಕುಂತು ಉಣ್ಣಾಕತ್ತೀಯಲ್ಲ, ಇಳೀತೈತೇನ ಗಂಟಲ್ದಾಗ?"

"ಅವ್ವಾ, ಮೆಲ್ಲಗ."

"ಯಾಕ ಮೆಲ್ಲಗ? ರಾಣೇಬೆನ್ನೂರತನಾ ಕೇಳೇತಿ, ನಿಮ್ಮ ಓಣಿಗೆ ಕೇಳಿದ್ರ ಏನಾತು?"

ಪಡಸಾಲೆಯಲ್ಲಿ ಅತ್ತೆ ಕೂತಿದ್ದರು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಹಿಂದಿನ ಕೋಣೆಯಿಂದ ಬಂದರು. ಕೈಗೆ ಹಿಟ್ಟು ಹತ್ತಿತ್ತು, ರೊಟ್ಟಿ ಬಡಿಯುತ್ತಿದ್ದರು.

"ಆಕೀಗೆ ಬೈಬ್ಯಾಡ್ರಿ ಅವ್ವಾ. ನಾನ ಬ್ಯಾರೆ ಆಗೇನಿ. ನನಗ ಬೇಕಾಗಿತ್ತು, ಆಗೇನಿ. ಕೂಡ್ರಿ, ಬಿಸಿ ರೊಟ್ಟಿ ಐತಿ, ನನ್ನ ಕಡೆನ ಉಂಡು ಹೋಗ್ರಿ."

ನಮ್ಮವ್ವ ಅರ್ಧ ತಣ್ಣಗಾದಳು. ಹಿಂದಿನ ಕೋಣೆಯಲ್ಲೇ ಕೂತು ಉಂಡಳು, ಹೋಗುವಾಗ ಪಲ್ಯ ಚಲೋ ಆಗಿತ್ತು ಅಂದಳು. ನನ್ನನ್ನು ಉಳಿಸಲಿಕ್ಕೆ ಅಕ್ಕ ಹಾಗಂದರು ಎಂದು ನನಗೆ ಗೊತ್ತು. ಆದರೆ "ನನಗ ಬೇಕಾಗಿತ್ತು" ಎನ್ನುವಾಗ ಅವರ ದನಿಯಲ್ಲಿ ಎಲ್ಲೂ ತಡವರಿಕೆ ಇರಲಿಲ್ಲ. ಅವತ್ತಿನಿಂದ ನಾನು ಅವರನ್ನು ಗಮನಿಸತೊಡಗಿದೆ. ಹಿಂದಿನ ಕೋಣೆಯ ಒಗ್ಗರಣೆಯ ವಾಸನೆ ನಮ್ಮದರಂತೆ ಇರುತ್ತಿರಲಿಲ್ಲ. ಬೆಳ್ಳುಳ್ಳಿ ಹೆಚ್ಚು, ಖಾರ ಕಡಿಮೆ. ಅತ್ತೆಗೆ ಖಾರ ಬೇಕೆಂದು ಇಷ್ಟು ವರ್ಷ ಖಾರ ಹಾಕುತ್ತ ಬಂದವರು ಅವರು. ಒಮ್ಮೊಮ್ಮೆ ಮಗಳಿಗೆ ಕತೆ ಹೇಳುತ್ತ ಅಡುಗೆ ಮಾಡುವುದು ಕೇಳುತ್ತಿತ್ತು. ಬಟ್ಟಲುಗಳ ಓಡಾಟ ಯಾವಾಗ ನಿಂತಿತು? ನಾನು ನಿಲ್ಲಿಸಲಿಲ್ಲ. ಅವರೂ ನಿಲ್ಲಿಸಲಿಲ್ಲ. ಒಂದು ದಿನ ನೋಡಿದರೆ ನಿಂತಿತ್ತು.

ಸಾಹೇಬರು ಬಂದದ್ದು ಬಿಸಿಲಿನ ಹೊತ್ತಿನಲ್ಲಿ, ಕೆಮ್ಮುತ್ತ. ಹಂಗಾಮಿನಲ್ಲಿ ಬ್ಯಾಡಗಿಗೆ ಬಂದ ಪರವೂರಿನವರೆಲ್ಲ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಾರೆ. ನೀರು ಕೇಳಿ ಕುಡಿದರು. ನನ್ನ ಗಂಡ ಪೇಟೆಯಲ್ಲಿದ್ದರು. ಅಕ್ಕ ಆಗಷ್ಟೇ ಕೆಲಸದಿಂದ ಬಂದು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಸಾಹೇಬರು ಮುಂದಿನ ಅಡುಗೆಮನೆ ನೋಡಿದರು, ಹಿಂದಿನ ಕೋಣೆ ನೋಡಿದರು. ನಿಜವಾಗಿಯೂ ಬೂದಿಯ ಮೇಲೆ ಕೈ ಹಿಡಿದರು. ಬೆಚ್ಚಗಿತ್ತು. ಗೋಡೆಯ ಮಸಿಗೆ ಬೆರಳು ಒರೆಸಿದರು. ಎಲ್ಲರಿಗೂ ಏನು ಹೇಳಬೇಕೆಂದು ನನ್ನ ಗಂಡ ಕಲಿಸಿಟ್ಟಿದ್ದರು. ಸಾಹೇಬರು ಅದರಲ್ಲಿ ಯಾವುದನ್ನೂ ಕೇಳಲಿಲ್ಲ. ಹೊರಡುವಾಗ ಪಡಸಾಲೆಯಲ್ಲಿ ಅತ್ತೆಯನ್ನು ಕಂಡು ನಿಂತರು.

"ಅಜ್ಜಿ, ನೀವು ಯಾರ ಕಡೆ?"

"ಯಾರ ಕಡೆ ಅಂದ್ರ?"

"ಯಾವ ಒಲಿ ಮ್ಯಾಲಿಂದು ಉಣ್ತೀರಿ? ನಿಮ್ಮ ಹೆಸರು ಒಂದ ಕಡೆ ಬರೀಬೇಕು. ಎರಡೂ ಕಡೆ ಬರಿಯಾಕ ಬರಂಗಿಲ್ಲ."

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಒಲೆ ಎರಡು ಮಾಡಿದೆವು, ಮಸಿ ಹಿಡಿಸಿದೆವು, ತಾಯಿ ಯಾರ ಪಾಲು ಎಂದು ಕೇಳುತ್ತಾರೆ ಎಂಬುದು ಹೊಳೆದಿರಲಿಲ್ಲ. ಅತ್ತೆ ನಾನು ಮಾಡಿದ್ದನ್ನು ಉಣ್ಣುತ್ತಿದ್ದರು. ಅವತ್ತು ಬೆಳಿಗ್ಗೆಯೂ ಉಂಡಿದ್ದರು.

"ಹಿರೇ ಸೊಸಿ ಕಡೆ ಬರ್ಕೋರಿ," ಅಂದರು ಅತ್ತೆ.

ಅನ್ನುವ ಮೊದಲು ನನ್ನ ಕಡೆ ನೋಡಿದರು ಎಂದು ನನ್ನ ನೆನಪು. ನೋಡಲಿಲ್ಲ, ಕೂಡಲೇ ಅಂದರು ಎಂದು ಅಕ್ಕನ ನೆನಪು. ಅಕ್ಕನ ಕಾರ್ಡಿನಲ್ಲಿ ಒಂದು ಹೆಸರು ಹೆಚ್ಚಿದ್ದರೆ ಕಾಳು ಹೆಚ್ಚು ಸಿಕ್ಕೀತೆಂದು ಅವ್ವ ಹಾಗಂದಳು ಎಂದು ನನ್ನ ಗಂಡ ಬಿಡಿಸಿ ಹೇಳುತ್ತಾರೆ, ಅವರು ಅಲ್ಲಿ ಇರಲೇ ಇಲ್ಲ. ಅತ್ತೆಯನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಕೇಳುವ ಹಾಗೂ ಇಲ್ಲ.

ಅವತ್ತು ದೀಪ ಹಚ್ಚಿದ ಮೇಲೆ ಎಂದಿನಂತೆ ಅತ್ತೆಯ ತಾಟಿಗೆ ನೀಡಿ ತಂದೆ.

"ಬ್ಯಾಡವಾ. ಅಲ್ಲಿ ಉಣ್ತೀನಿ."

"ಅದು ಸಾಹೇಬ್ರಿಗೆ ಹೇಳಿದ್ದಲ್ರೀ ಅತ್ತಿ."

"ಯಾರಿಗರೆ ಹೇಳಿದ್ದಾಗ್ಲಿ, ಹೇಳಿದಾಕಿ ನಾನ ಹೌದಲ್ಲೋ. ಹೆಸರು ಬರಸೀನಿ. ಬರಸಿ ಇಲ್ಲಿ ಉಂಡ್ರ ಅದು ಕಳುವಿನ ಅನ್ನ ಆಕ್ಕೈತಿ."

ನನ್ನ ಗಂಡ ನಕ್ಕರು. "ಯವ್ವಾ, ಸರಕಾರ ನಿನ್ನ ತಾಟು ನೋಡಾಕ ಬರೂದಿಲ್ಲ."

"ಸರಕಾರ ಬರ್ದಿದ್ರ ಏನಾತು, ನಾ ಇದ್ದೀನಲ್ಲ ನೋಡಾಕ," ಅಂದು ಅತ್ತೆ ಎದ್ದರು. ಅಷ್ಟು ದಿನ ತಲೆ ಹಾಕದ ಕೋಣೆಗೆ ಬಾಗಿಲು ತಾಕದಂತೆ ಬಗ್ಗಿ ಹೋದರು. ಒಳಗಿನಿಂದ ಅಕ್ಕನ ದನಿ, "ಖಾರ ಕಡಿಮಿ ಐತ್ರಿ ಅತ್ತಿ." ಅತ್ತೆ ಅಂದರು, "ಇರ್ಲಿ ನೀಡು."

ನಾನು ಮಾಡಿದ ಅನ್ನ ಉಳಿಯಿತು. ಅಳತೆ ಕೈಗೆ ಹತ್ತಲಿಕ್ಕೆ ಬಹಳ ದಿನ ಬೇಕಾಯಿತು. ದಿನವೂ ಉಳಿಯುತ್ತಿತ್ತು, ದಿನವೂ ಆ ಉಳಿದದ್ದನ್ನು ಯಾರಾದರೂ ನೋಡಿಯಾರೆಂದು ಮುಚ್ಚಿಡುತ್ತಿದ್ದೆ.

ಕಾರ್ಡು ಬಂತು. ಅಕ್ಕ ಅದನ್ನು ದೇವರ ಮುಂದಿಟ್ಟು ತೆಗೆದರು. ಪಡಿತರ ಅಂಗಡಿಯಿಂದ ಅಕ್ಕಿ ತಂದ ದಿನ ಅವರ ಮುಖ ಹೇಗಿತ್ತು ಎಂಬುದನ್ನು ಬರೆಯಬಲ್ಲೆ, ಅದರಲ್ಲಿ ನನಗೆ ಅನುಮಾನವಿಲ್ಲ: ನಿದ್ದೆ ಮಾಡಿ ಎದ್ದವರ ಹಾಗಿತ್ತು. ನನಗೂ ಸಂತೋಷವಾಯಿತು. ಆ ಸಂತೋಷದ ಜೊತೆಗೇ ನಾನು ಗಂಡನ ಬಾಯಿಯನ್ನೇ ನೋಡುತ್ತಿದ್ದೆ.

"ಇನ್ನ ಆ ಒಲಿ ಒಡದ್ರ ಆತು," ಅಂದರು ಅವರು ಕೊನೆಗೆ.

ಯಾರೂ ಎದ್ದೇಳಲಿಲ್ಲ. ಅಕ್ಕ ಅಕ್ಕಿ ಕೇರುತ್ತಿದ್ದರು. "ಮತ್ತ ನೋಡಾಕ ಬರ್ತಾರಂತ," ಅಂದರು. "ಅಂಗಡಿಯಾಗ ಮಂದಿ ಹೇಳಾಕತ್ತಿದ್ರು. ಇನ್ನ ಪಗಾರದ್ದು ಬ್ಯಾರೆ ಆಗಬೇಕಲ್ಲ." ಪಗಾರ ಅಂದರೆ ವಿಧವಾ ವೇತನ. ಖರೇ ಮಾತು, ಅದರ ಅರ್ಜಿಗೆ ಇನ್ನೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಅತ್ತೆ ಅಕ್ಕಿಯಲ್ಲಿನ ಕಲ್ಲು ಆರಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ನನ್ನ ಗಂಡ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಪೇಟೆಗೆ ಹೋದರು.

ಮರುದಿನವೋ, ಅದರ ಮರುದಿನವೋ, ಬೆಳಿಗ್ಗೆ ನಾನು ಚಹಾಕ್ಕೆ ಇಟ್ಟಿದ್ದೆ. ಅಡುಗೆಮನೆಯ ಹೊಸ್ತಿಲ ಆಚೆ ಅಕ್ಕ ಬಂದು ನಿಂತರು, ಕೈಯಲ್ಲಿ ಸಣ್ಣ ಬಟ್ಟಲು. ಅವರ ಹಾಲು ಹೆಪ್ಪಾಗದೆ ಕೆಟ್ಟಿತ್ತು.

"ಹೆಪ್ಪಿಗೆ ಒಂಚೂರು ಮಸರಿದ್ರ ಕೊಡವಾ," ಅಂದರು.

"ಒಳಗ ಬರ್ರಿ ಅಕ್ಕಾ," ಅಂದೆ.

ಅಕ್ಕ ಬರಲಿಲ್ಲ. ನನಗಿಂತ ಎಷ್ಟೋ ಮೊದಲೇ ಆ ಅಡುಗೆಮನೆಗೆ ಬಂದವರು, ನೆರೆಮನೆಯವರ ಹಾಗೆ ನಿಂತಲ್ಲೇ ಬಟ್ಟಲು ಚಾಚಿ ನನ್ನ ಮುಖ ನೋಡಿದರು.