ಗಾದಿ ಬಿಡದ ಸಿದ್ರಾಮಪ್ಪ

ಡಿಚೋಲಿ ಪೇಟೆಯಲ್ಲಿ ಸಿದ್ರಾಮಪ್ಪನ ಬಟ್ಟೆ ಅಂಗಡಿಯನ್ನು ಕಾಣದವರಿಲ್ಲ. ಸಿದ್ರಾಮಪ್ಪ ಎದ್ದು ನಿಂತದ್ದನ್ನು ಕಂಡವರೂ ಇಲ್ಲ. ಅವನಜ್ಜ ಧಾರವಾಡದಿಂದ ತಂದ ಗಾದಿಯ ಮೇಲೆ ಬಲಗಾಲು ಮಡಚಿ, ಲೋಡು ದಿಂಬಿಗೆ ವಾಲಿ, ಬೆಳಗಿನಿಂದ ಸಂಜೆತನಕ ಕೂತೇ ಇರುತ್ತಿದ್ದ. ಗಾದಿಯ ಮೇಲೆ ಕೂತವನೇ ಯಜಮಾನ ಎಂಬುದು ಆ ಮನೆತನದ ಕಟ್ಟಳೆ. ತಾನು ಎದ್ದರೆ ತಮ್ಮ ಗಣಪ್ಪ ಕೂತುಬಿಟ್ಟಾನು ಎಂದು ಅವನಿಗೆ ಭಯ. ಗಣಪ್ಪನಿಗೋ ಸೀರೆ ಮಡಿಸಿ ಮುಗಿದರೆ ಸಾಕಾಗಿತ್ತು. ಇದನ್ನು ಹೇಳಿ ಹೇಳಿ ಹೆಂಡತಿ ಗೌರವ್ವನ ಬಾಯಿ ಒಣಗಿತ್ತು.

ಹೋದ ವರ್ಷ ಸೊಂಟದ ಕೆಳಗಿನಿಂದ ಹಿಮ್ಮಡಿತನಕ ಬೆಂಕಿ ಎಳೆದಂಥ ನೋವು ಶುರುವಾಯಿತು. ಸರಿ, ಯಜಮಾನರ ಸವಾರಿ ವಾಳಪೈಗೆ ಹೊರಟಿತು. ಅಲ್ಲೊಬ್ಬ ನಾಟಿ ವೈದ್ಯ ಮಹಾಶಯ ಕಾದ ಕಬ್ಬಿಣದಿಂದ ಮೀನಖಂಡಕ್ಕೆ ಬರೆ ಎಳೆದ. ಬರೆ ಹುಣ್ಣಾಯಿತು, ನೋವು ಹಾಗೆಯೇ ಉಳಿಯಿತು. ಕೊನೆಗೆ ಗೌರವ್ವ ಅವನನ್ನು ದವಾಖಾನೆಗೆ ಎಳೆದೊಯ್ದಳು.

ನರ ಒತ್ತಿಕೊಂಡಿರುವುದು ಸೊಂಟದಲ್ಲಿ, ಕಾಲು ಬರೀ ಅದರ ಉರಿ ಅನುಭವಿಸುತ್ತಿದೆ ಎಂದರು ಡಾಕ್ಟರು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು, ತೋರಿಸಿದ ವ್ಯಾಯಾಮ ಮಾಡಬೇಕು. ಪಾದದ ಬಲ ಕುಂದಿದರೆ ಮಾತ್ರ ತಡಮಾಡದೆ ಬರಬೇಕು.

"ಕಾಲು ನೋಯಾಕತ್ತೈತಿ ಅಂದ್ರ ಸೊಂಟ ನೋಡ್ತಾನ! ನಡೀರಿ ಅಂತ ಹೇಳಾಕ ಡಾಕ್ಟರ್ ಯಾಕ ಬೇಕು?" ಎಂದು ಗೊಣಗುತ್ತ ಸಿದ್ರಾಮಪ್ಪ ಮತ್ತೆ ಗಾದಿ ಏರಿದ.

"ಕಾಲು ಹೋದ್ರೂ ಚಿಂತಿಲ್ಲ, ಗಾದಿ ಇರಬೇಕು, ಹೌದಲ್ರಿ?" ಎಂದಳು ಗೌರವ್ವ. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಈ ಮೊಂಡ ಒಂದು ದಿನ ನಿಜಕ್ಕೂ ಏಳಲಾರದೆ ಹೋದರೆ?

ಒಂದು ಸೋಮವಾರ ಅವನು ಕುಂಟುತ್ತ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಗಾದಿಯ ಮೇಲೆ ಗೌರವ್ವ ಕೂತಿದ್ದಳು.

"ಏಳ."

"ಏಳೂದಿಲ್ರಿ. ಬಸ್ ಸ್ಟ್ಯಾಂಡ್ ತನಕ ನಡದು ಬರ್ರಿ, ಆಮ್ಯಾಲೆ ನೋಡೋಣು."

ಗಿರಾಕಿಗಳ ಎದುರಿಗೆ ಹೆಂಡತಿಯ ರಟ್ಟೆ ಹಿಡಿದು ಎಳೆಯಲಾದೀತೇ? ಬುಸುಗುಡುತ್ತ ಹೊರಟ. ಮರುದಿನವೂ ಅದೇ ಕತೆ. ಗಾದಿಗೋಸ್ಕರ ಜಗಳವಾಡಲು ಬಂದಾಗಲೆಲ್ಲ ಅವಳು ಮತ್ತೆ ಅಟ್ಟಿದಳು; ಹೀಗೆ ದಿನಕ್ಕೆ ಹತ್ತು ಸಲ ಅವನು ಅಂಗಡಿಗೂ ಬಸ್ ಸ್ಟ್ಯಾಂಡಿಗೂ ನಡೆದ. ಮಲಗುವ ಮುಂಚೆ ಗೌರವ್ವ ಎದುರಿಗೆ ನಿಂತು ವ್ಯಾಯಾಮ ಮಾಡಿಸಿದಳು.

ಎರಡು ತಿಂಗಳಲ್ಲಿ ಉರಿ ಮೊದಲು ಹಿಮ್ಮಡಿ ಬಿಟ್ಟಿತು, ಆಮೇಲೆ ಮೊಣಕಾಲು. ಒಂದು ಬೆಳಿಗ್ಗೆ ಸಿದ್ರಾಮಪ್ಪ ಕುಂಟದೆ ಒಳಗೆ ಬಂದ.

"ಆರಾಮಾಗೇನಿ. ಇನ್ನ ಗಾದಿ ಬಿಡು," ಎಂದ.

ಗೌರವ್ವನ ಕಣ್ಣು ಒದ್ದೆಯಾಯಿತು. ಆದರೂ ಲೋಡನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಿಂತ ಮಾತಾಡ್ರಿ. ಏನ ತೋರಸ್ಲಿ, ಧೋತರಾನೋ, ಲುಂಗಿನೋ?"